ಶುಗರ್ ಇದ್ದೋರು ರಿಪೋರ್ಟ್‌ನಾಗ ಟ್ರೈಗ್ಲಿಸರೈಡ್ ಸಾಲೂ ಓದ್ರಿ

ನಮ್ಮ ಹುಬ್ಬಳ್ಳಿ ಧಾರವಾಡ ಕಡೆ ಮದುವಿ ಮನ್ಯಾಗ ನಾಕು ಮಂದಿ ಕುಂತ್ರ ಸಾಕು, ನಿಮ್ದು ಶುಗರ್ ಎಷ್ಟೈತ್ರಿ, ಊಟಕ್ಕ ಮೊದ್ಲು ಎಷ್ಟು, ಊಟ ಆದಮ್ಯಾಲ ಎಷ್ಟು, ಇದ ಮಾತು. ಟ್ರೈಗ್ಲಿಸರೈಡ್, ಅಂದ್ರ ರಕ್ತದಾಗ ಓಡಾಡೋ ಕೊಬ್ಬು, ಎಷ್ಟೈತಿ ಅಂತ ಒಬ್ರೂ ಕೇಳಂಗಿಲ್ಲ. ನನಗ ಇದು ಭಾಳ ಚಿಂತಿ ಹಚ್ಚೇತಿ. ಶುಗರ್ ಬಂದೋರ ಮೈಯಾಗ ಕೊಬ್ಬಿನ ಲೆಕ್ಕಾನೂ ಕೆಡತೈತಿ, ಹಾರ್ಟಿಗೆ ಹೊಡ್ತ ಬೀಳೋದ್ರಾಗ ಅದರ ಪಾಲು ಸಣ್ಣದಲ್ಲ.

ಇನ್ಸುಲಿನ್ ಅಂದ್ರ ಸಕ್ಕರಿ ಇಳಸೋದು, ಅಷ್ಟ ಗೊತ್ತು ನಮಗ. ಮೈಯಾಗ ಕೂಡಿಟ್ಟ ಕೊಬ್ಬು ಬೇಕಾಬಿಟ್ಟಿ ಕರಗಿ ರಕ್ತಕ್ಕ ಬರದಂಗ ತಡಿಯೋದೂ ಅದರ ಕೆಲ್ಸಾನ. ಟೈಪ್ 2 ಶುಗರ್ ಒಳಗ ಮೈ ಇನ್ಸುಲಿನ್ ಮಾತು ಸರಿ ಕೇಳಂಗಿಲ್ಲ, ಹಿಂಗಾಗಿ ಕೊಬ್ಬಿನ ಆಮ್ಲ ರಕ್ತದಾಗ ಹರಕೋತ ಲಿವರಿಗೆ ಬರತೈತಿ, ಸುಗ್ಗ್ಯಾಗ ಅಮರಗೋಳ ಎಪಿಎಂಸಿಗೆ ನಾಕೂ ದಿಕ್ಕಿನಿಂದ ಮಾಲು ಬಂದಂಗ. ಲಿವರ್ ಅದನ್ನ ಟ್ರೈಗ್ಲಿಸರೈಡ್ ಮಾಡಿ ವಿಎಲ್‌ಡಿಎಲ್ ಅನ್ನೋ ಕಣದಾಗ ತುಂಬಿ ವಾಪಸ್ ರಕ್ತಕ್ಕ ಬಿಡತೈತಿ, ಬಿಡಾಕ ಆಗದ್ದು ಅಲ್ಲೇ ಉಳದು ಫ್ಯಾಟಿ ಲಿವರ್ ಆಗತೈತಿ. ಇನ್ನೊಂದು ಭಾಳ ಕೆಟ್ಟ ಸಂಗತಿ ಏನಂದ್ರ, ಸಕ್ಕರಿ ತಯಾರ್ಸೋದು ನಿಲ್ಲಸು ಅಂತ ಇನ್ಸುಲಿನ್ ಹೇಳಿದ್ದು ಲಿವರ್ ಕೇಳಂಗಿಲ್ಲ, ಕೊಬ್ಬು ತಯಾರ್ಸು ಅಂದದ್ದು ಮಾತ್ರ ಕೇಳತೈತಿ! ರಕ್ತದಾಗ ವಿಎಲ್‌ಡಿಎಲ್ ಹೆಚ್ಚಾತು ಅಂದ್ರ ಎಚ್‌ಡಿಎಲ್ ಅನ್ನೋ ಚೊಲೋ ಕೊಲೆಸ್ಟ್ರಾಲ್ ಕಡಿಮಿ ಆಗತೈತಿ, ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲಿನ ಕಣ ಸಣ್ಣ ಆಗಿ ಗಟ್ಟಿ ಆಗತಾವು, ಅದಕ್ಕ ಎಲ್‌ಡಿಎಲ್ ನಂಬರ್ ನಾರ್ಮಲ್ ಕಂಡ್ರೂ ಶುಗರ್ ಇದ್ದೋರು ಅಷ್ಟಕ್ಕ ನಿಶ್ಚಿಂತಿ ಆಗಬಾರ್ದು.

ನಮ್ಮ ಕಾಕಾ ತುಪ್ಪ ಬಿಟ್ರು, ಮಿರ್ಚಿ ಬಜಿ ಬಿಟ್ರು, ಎಣ್ಣಿ ಹನಿ ಹನಿ ಲೆಕ್ಕ ಹಾಕಿ ಹಾಕಸ್ತಿದ್ರು. ಆದ್ರ ಅನ್ನ ಎರಡೆರಡು ಸರ್ತಿ, ಚಹಾಕ್ಕ ಬೆಲ್ಲ, ಸಂಜಿಕ್ಕ ಟೋಸ್ಟು. ಬೆಲ್ಲ ನಡೀತೈತೋ ತಮ್ಮಾ ಅಂತಿದ್ರು. ಟ್ರೈಗ್ಲಿಸರೈಡ್ 400 ದಾಟಿತ್ತು. ಹೆಚ್ಚಾದ ಅನ್ನ, ಮೈದಾ, ಸಕ್ಕರಿ, ಬೆಲ್ಲ ಎಲ್ಲಾನೂ ಲಿವರ್‌ನಾಗ ಕೊಬ್ಬಾಗತಾವು ಅಂತ ಅವರಿಗೆ ಯಾರೂ ಕುಂದ್ರಿಸಿ ಹೇಳಿರಲಿಲ್ಲ, ಅದ ನನಗ ಸಿಟ್ಟು. ಡಾಕ್ಟರು ಎರಡು ನಿಮಿಷದಾಗ ಚೀಟಿ ಬರದು ಕಳಿಸಿದ್ರ ಪೇಶಂಟಿಗೆ ಹೆಂಗ ಗೊತ್ತಾಗಬೇಕು?

ಮತ್ತ ನಮ್ಮ ಅಕ್ಕಾರು ಅವ್ವಾರು, ನಾವೇನು ಕುಡಿಯಂಗಿಲ್ಲಲ್ರಿ ಲಿವರ್ ಯಾಕ ಕೆಡತೈತಿ ಅಂತಾರ. ಕುಡಿಯದಿದ್ರೂ ಕೆಡತೈತ್ರಿ, ನೋಡಾಕ ತೆಳ್ಳಗಿದ್ದು ಹೊಟ್ಟಿ ಅಷ್ಟ ಮುಂದ ಬಂದೋರಿಗೂ ಕೆಡತೈತಿ. ಲಿವರಿಗೆ ಮಾಡೋ ರಕ್ತ ಪರೀಕ್ಷೆ ಎಸ್‌ಜಿಪಿಟಿ ನಾರ್ಮಲ್ ಐತಿ ಅಂದಕೂಡ್ಲೆ ಲಿವರ್ ಚೊಲೋ ಐತಿ ಅಂತ ಅಲ್ಲ.

ವರ್ಷಕ್ಕೊಮ್ಮೆ ಆದ್ರೂ ಲಿಪಿಡ್ ಪ್ರೊಫೈಲ್, ಅಂದ್ರ ರಕ್ತದಾಗಿನ ಕೊಬ್ಬಿನ ಪರೀಕ್ಷೆ, ಮಾಡಸ್ರಿ. ಟ್ರೈಗ್ಲಿಸರೈಡ್ 150ರ ಕೆಳಗ ಇರಬೇಕು, 500 ದಾಟಿದ್ರ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಬಾವು ಬರೋ ಅಪಾಯ ಐತಿ, ತಡಾ ಮಾಡಬ್ಯಾಡ್ರಿ. ತೂಕ ಹೆಚ್ಚಿದ್ದೋರು ನೂರಕ್ಕ ಏಳರಿಂದ ಹತ್ತರಷ್ಟು ಇಳಿಸಿದ್ರ ಲಿವರ್ ಕೊಬ್ಬು ಚೊಲೋತ್ನಂಗ ಕರಗತೈತಿ. ಇನ್ನ, ಫ್ಯಾಟಿ ಲಿವರ್ ಐತಿ ಅಂತ ಯಾರೋ ಅಂಜಿಸಿದ್ರಂತ ಕೊಲೆಸ್ಟ್ರಾಲ್ ಗುಳಿಗಿ ನೀವ ನೀವ ಬಿಡಬ್ಯಾಡ್ರಿ. ಫ್ಯಾಟಿ ಲಿವರ್ ಇದ್ದೋರಿಗೂ ಸ್ಟ್ಯಾಟಿನ್ ಅನ್ನೋ ಕೊಲೆಸ್ಟ್ರಾಲ್ ಗುಳಿಗಿ ಕೊಡತಾರ, ಅನುಮಾನ ಇದ್ರ ಬರದು ಕೊಟ್ಟ ಡಾಕ್ಟರನ್ನ ಕೇಳ್ರಿ, ಬಾಜೂ ಮನಿಯೋರನ್ನ ಅಲ್ಲ.