ಟಿಕೆಟ್ ದುಡ್ಡು ವಾಪಸ್ಸಂತೆ, ಹೆಣಕ್ಕೆ?

ಅಮೆರಿಕದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಭಾನುವಾರ ಭಾವ, "ಮಕ್ಕಳಿಗೆ ಸೈನ್ಸ್ ತೋರಿಸ್ಕೊಂಡು ಬರೋಣ ನಡಿ" ಎಂದು ಹೊರಡಿಸಿದರು. ಹೋಗಿ ನೋಡಿದರೆ ಹೆಣಗಳ ಪ್ರದರ್ಶನ! ಗೊಂಬೆಗಳಲ್ಲ, ಚರ್ಮ ಸುಲಿದ ನಿಜವಾದ ಹೆಣಗಳು. ನಾಲ್ಕು ಜನಕ್ಕೆ ನೂರು ಡಾಲರ್ ಮೇಲೆ ಟಿಕೆಟ್ಟು ಬೇರೆ.

ಒಬ್ಬ ಬ್ಯಾಸ್ಕೆಟ್‌ಬಾಲ್ ಹಿಡಿದು ಓಡುವ ಭಂಗಿಯಲ್ಲಿದ್ದ. ಮುಖದ ಚರ್ಮವೆಲ್ಲ ತೆಗೆದಿದ್ದರು, ಹುಬ್ಬು ಮಾತ್ರ ಹಾಗೇ ಬಿಟ್ಟಿದ್ದರು. ಕಪ್ಪು, ತೆಳ್ಳನೆಯ ಹುಬ್ಬು. ಅಲ್ಲಿವರೆಗೆ ಸುಮ್ನೆ ನೋಡುತ್ತಿದ್ದ ನನಗೆ ಎದೆ ಧಸಕ್ ಎಂದಿತು. ಇವನು ಯಾರದೋ ಮನೆಯ ಮಗ, ಅಲ್ವಾ? ಅಲ್ಲಿದ್ದ ಹುಡುಗಿಯನ್ನು ಕೇಳಿದೆ, "ಇವರು ಒಪ್ಪಿ ಸಹಿ ಹಾಕಿದ್ದರಾ?" ನಕ್ಕು, ಮುಂದಿನ ಕೋಣೆಯ ದಾರಿ ತೋರಿಸಿದಳು. ನಮ್ಮ ಬೀದಿಯಲ್ಲಿ ಹೆಣ ಎತ್ತುವ ತನಕ ಅಕ್ಕಪಕ್ಕದವರು ಒಲೆ ಹಚ್ಚುವುದಿಲ್ಲ. ಇಲ್ಲಿ ಹೊರಗೆ ಬರುವ ದಾರಿಯಲ್ಲೇ ಕೀ ಚೈನ್, ಟೀ ಶರ್ಟ್ ಅಂಗಡಿ.

ಮನೆಗೆ ಬಂದು ಈ ಧಂದೆಯ ಬಗ್ಗೆ ಓದಿದೆ, ಸಿಟ್ಟು ಇನ್ನೂ ಜಾಸ್ತಿಯಾಯಿತು. ಹೆಣ ಕೆಡದಂತೆ ಇಡುವ ಈ ವಿದ್ಯೆ ಜರ್ಮನಿಯದು. 1977ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಗುಂಥರ್ ಫಾನ್ ಹಾಗೆನ್ಸ್ ಎಂಬ ವೈದ್ಯ ಕಂಡುಹಿಡಿದದ್ದು. ಅಸಿಟೋನ್ ಎಂಬ ದ್ರಾವಕ ಹಾಕಿ ದೇಹದ ನೀರು, ಕೊಬ್ಬು ತೆಗೆದು ಆ ಜಾಗಕ್ಕೆ ಸಿಲಿಕೋನ್ ಥರದ್ದನ್ನು ತುಂಬುತ್ತಾರೆ. ಕೊಳೆಯುವುದಿಲ್ಲ, ನಾರುವುದಿಲ್ಲ. ಪಾಠಕ್ಕೆ ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ನ್ಯೂಯಾರ್ಕಿನಲ್ಲಿ ನಡೆದ ಒಂದು ಪ್ರದರ್ಶನಕ್ಕೆ ಹೆಣ ಬಂದದ್ದು ಚೀನಾದಿಂದ, ಅಲ್ಲಿನ ಪೊಲೀಸರ ಕೈ ದಾಟಿ. ಇವರು ಜೈಲಿನಲ್ಲಿದ್ದವರಲ್ಲ ಎಂದು ಖಚಿತವಾಗಿ ಹೇಳಲಾರೆವು ಎಂದು ಕಂಪನಿಯೇ ಬೋರ್ಡು ಹಾಕಬೇಕಾಯಿತು. 2008ರಲ್ಲಿ ನ್ಯೂಯಾರ್ಕ್ ರಾಜ್ಯದ ಮುಖ್ಯ ಕಾನೂನು ಅಧಿಕಾರಿ, ಅಂದರೆ ಅಟಾರ್ನಿ ಜನರಲ್, ಜೊತೆ ಆದ ಒಪ್ಪಂದ ಅದು. ಇನ್ನೊಂದು ಷರತ್ತು ಕೇಳಿ: ಇದು ಗೊತ್ತಿದ್ದರೆ ಬರುತ್ತಿರಲಿಲ್ಲ ಎನ್ನುವವರಿಗೆ ಟಿಕೆಟ್ ದುಡ್ಡು ವಾಪಸ್! ಮೋಸ ಹೋದವರು ನೋಡಿದವರಂತೆ. ನಿಂತವನ ಲೆಕ್ಕ ಯಾರೂ ಹಾಕಲಿಲ್ಲ. ಫ್ರಾನ್ಸ್ ಪರವಾಗಿಲ್ಲ, 2009ರಲ್ಲಿ ಪ್ಯಾರಿಸ್ ಕೋರ್ಟು ಇಂಥದ್ದೊಂದನ್ನು ಮುಚ್ಚಿಸಿಯೇ ಬಿಟ್ಟಿತು.

ನಮ್ಮ ದೊಡ್ಡಪ್ಪ ದೇಹದಾನ ಮಾಡಿದವರು. ಫಾರಂ ತುಂಬುವಾಗ ಅವರ ಸಹಿ, ಸಾಕ್ಷಿಗಳ ಸಹಿ. ಹೋದ ಮೇಲೆ ದೊಡ್ಡಮ್ಮನ ಒಪ್ಪಿಗೆ. ಸಹಿ ಹಾಕುವಾಗ ದೊಡ್ಡಮ್ಮನ ಕೈ ಎಷ್ಟು ನಡುಗಿತೆಂದರೆ ಪೆನ್ನು ಎರಡು ಸಲ ಬಿತ್ತು. ಆದರೂ ಕೇಳಿದರಲ್ಲ, ಅದು ಮುಖ್ಯ.

ಇದನ್ನು ಹೇಳಿದರೆ ಭಾವ, "ನಮ್ಮ ಮೆಡಿಕಲ್ ಕಾಲೇಜುಗಳಲ್ಲೂ ಅನಾಥ ಹೆಣ ಕೊಯ್ಯಲ್ವಾ?" ಎಂದು ಕಾನೂನು ತೆಗೆದರು. ಹೌದು, 1957ರ ಅನಾಟಮಿ ಕಾಯ್ದೆಯಡಿ ವಾರಸುದಾರರಿಲ್ಲದ ಶವ ಕಾಲೇಜಿಗೆ ಹೋಗುತ್ತದೆ. ಬಡವರದ್ದೇ ಹೋಗುತ್ತದೆ, ಅದೂ ಚುಚ್ಚುವ ಮಾತೇ. ಆದರೆ ಅಲ್ಲಿ ಬಾಗಿಲಲ್ಲಿ ಟಿಕೆಟ್ ಹರಿಯುವುದಿಲ್ಲ ಭಾವ, ಕೈಗೆ ಚೆಂಡು ಕೊಟ್ಟು ನಿಲ್ಲಿಸುವುದಿಲ್ಲ.

ಆ ಅಂಗಡಿಯಲ್ಲಿ ಭಾವ ಕೊಂಡ ಹೃದಯದ ಮ್ಯಾಗ್ನೆಟ್ ಈಗ ಅಕ್ಕನ ಫ್ರಿಜ್ಜಿಗೆ ಅಂಟಿಕೊಂಡಿದೆ. ಕಾಫಿಗೆ ಹಾಲು ತೆಗೆಯಲು ಹೋದಾಗಲೆಲ್ಲ ನನಗೆ ಆ ಹುಬ್ಬೇ ಕಾಣುತ್ತದೆ.