ಡಾಕ್ಟರರ ಕಿವಿರು ಎತ್ತಿ ನೋಡುವ ಕಾಲ

ಮೀನು ಇಳಿಸುವ ದಕ್ಕೆಯಲ್ಲಿ ಬಂಗುಡೆ ಕೊಳ್ಳುವಾಗ ಕಿವಿರು ಎತ್ತಿ ನೋಡುವುದು ಮಂಗಳೂರಿಗರ ಜನ್ಮಸಿದ್ಧ ಹಕ್ಕು. ಕೆಂಪಗಿದ್ದರೆ ಚೀಲಕ್ಕೆ, ಮಂಕಾಗಿದ್ದರೆ ಮುಂದಿನ ಬುಟ್ಟಿಗೆ. ಈಚೆಗೆ ಈ ಹಕ್ಕನ್ನು ವೈದ್ಯರಿಗೂ ವಿಸ್ತರಿಸಿಕೊಂಡಿದ್ದೇವೆ. ಮೊನ್ನೆ ಆಸ್ಪತ್ರೆಯೊಂದರಲ್ಲಿ ಟೋಕನ್ ಹಿಡಿದು ಕುಳಿತಿದ್ದಾಗ ಪಕ್ಕದ ಹಿರಿಯರೊಬ್ಬರು, ಒಳಗಿದ್ದ ಯುವ ವೈದ್ಯೆಯ ಕುರಿತು ನರ್ಸ್ ಬಳಿ ವಿಚಾರಿಸಿದ್ದು ಪದವಿಯನ್ನಲ್ಲ, ಅನುಭವವನ್ನೂ ಅಲ್ಲ, "ಇವರು ಕೊರೊನಾ ಬ್ಯಾಚಿನವರಾ?" ಎಂದು. ಇದು ಇವತ್ತಿನ ಮೀನೋ, ಐಸಿನಲ್ಲಿಟ್ಟದ್ದೋ ಎಂದು ಕೇಳುವ ಧಾಟಿಯೇ ಅದು. ನರ್ಸ್ ಉತ್ತರಿಸಲಿಲ್ಲ. ವಯಸ್ಸು ನೋಡಿದರೆ ಆಕೆಯೂ ಅದೇ ಬ್ಯಾಚಿನವಳಿರಬೇಕು.

ಕೊರೊನಾ ಕಾಲದಲ್ಲಿ ವೈದ್ಯಕೀಯ ಓದಿದ ಆ ಬ್ಯಾಚನ್ನು ತಯಾರಿಸಿದ ವಿಧಾನವನ್ನು ಹೊಗಳದಿದ್ದರೆ ಕೃತಘ್ನತೆಯಾದೀತು. ನಮ್ಮ ದಕ್ಷಿಣ ಕನ್ನಡ ಸಾಮಾನ್ಯ ಜಿಲ್ಲೆಯಲ್ಲ. ಒಂದೇ ಜಿಲ್ಲೆಯಲ್ಲಿ ಎಂಟು ವೈದ್ಯಕೀಯ ಕಾಲೇಜುಗಳು, ಅದರಲ್ಲಿ ಸರ್ಕಾರದ್ದು ಒಂದೂ ಇಲ್ಲ. 2020ರ ಮಾರ್ಚಿನಲ್ಲಿ ಇವುಗಳ ಹಾಸ್ಟೆಲುಗಳನ್ನು ಖಾಲಿ ಮಾಡಿಸಲಾಯಿತು. ಮಂಗಳೂರಿನ ವೆನ್ಲಾಕ್ ಮತ್ತು ಉಡುಪಿಯ ಟಿ.ಎಂ.ಎ. ಪೈ ಆಸ್ಪತ್ರೆಗಳು ಕೋವಿಡ್ ಆಸ್ಪತ್ರೆಗಳಾದವು. ಮೊದಲ ಕೆಲವು ತಿಂಗಳು ಇದು ಸರಿಯೇ ಇತ್ತು ಎನ್ನುತ್ತೇನೆ. ದುಡಿಯುವ ವೈದ್ಯರಿಗೇ ಮಾಸ್ಕ್ ಸಾಲದಿದ್ದಾಗ ಕಲಿಯುವ ಹುಡುಗರನ್ನು ವಾರ್ಡಿಗೆ ಕಳಿಸುವುದು ಅಪರಾಧವಾಗುತ್ತಿತ್ತು. ಆದರೆ ಆಗಸ್ಟಿನಲ್ಲಿ ಭಾರತೀಯ ವೈದ್ಯಕೀಯ ಮಂಡಳಿಯು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಸಾಂಕ್ರಾಮಿಕ ನಿರ್ವಹಣೆಯನ್ನು ಕಲಿಯಲೆಂದು ಪ್ರತ್ಯೇಕ ಪಠ್ಯವನ್ನೇ ಹೊರತಂದಿತಲ್ಲ, ಅಲ್ಲಿಂದ ನನ್ನ ಭಕ್ತಿ ಉಕ್ಕತೊಡಗಿತು. ಶತಮಾನಕ್ಕೊಮ್ಮೆ ಬರುವ ಸಾಂಕ್ರಾಮಿಕ ಆಸ್ಪತ್ರೆಯಲ್ಲಿ, ಅದನ್ನು ಕಲಿಯಬೇಕಾದವರು ಮನೆಯ ಚಾವಡಿಯಲ್ಲಿ, ಅದರ ಕುರಿತ ಪಿ.ಡಿ.ಎಫ್. ಮೊಬೈಲಿನಲ್ಲಿ. ಮೊಬೈಲಿಗೆ ಸಿಗ್ನಲ್ ಮಾತ್ರ ಗುಡ್ಡದ ತುದಿಯಲ್ಲಿ. ಸುಳ್ಯದ ಕಡೆ ಜಡಿಮಳೆಯಲ್ಲಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಅವಳು ಹತ್ತನೇ ತರಗತಿಯವಳು. ಅವಳಿಗೆ ಬೇಕಿದ್ದದ್ದು ಧ್ವನಿ ಮತ್ತು ಕಪ್ಪುಹಲಗೆ. ಯಕೃತ್ತು ಊದಿಕೊಂಡಿದೆಯೇ ಎಂದು ಹೊಟ್ಟೆ ಒತ್ತಿ ತಿಳಿಯಬೇಕಾದವರಿಗೆ ಯಾವ ಕೊಡೆ ಹಿಡಿಯೋಣ?

ಇಲ್ಲಿ ಹಲಸಿನಹಣ್ಣಿನ ಮಾತು ಬರುತ್ತದೆ, ಸಂಪಾದಕರು ಕ್ಷಮಿಸಬೇಕು. 1761ರಲ್ಲಿ ಔಎನ್‌ಬ್ರುಗರ್ ಎಂಬ ಆಸ್ಟ್ರಿಯದ ವೈದ್ಯ ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಒಳಗೆ ನೀರು ತುಂಬಿದೆಯೋ ಗಾಳಿಯಿದೆಯೋ ಎಂದು ಹೇಳುವ ವಿಧಾನವನ್ನು ಪ್ರಕಟಿಸಿದ. ಅವನ ಅಪ್ಪ ಛತ್ರ ನಡೆಸುತ್ತಿದ್ದವನು. ಪೀಪಾಯಿಯಲ್ಲಿ ಎಷ್ಟು ಮದ್ಯ ಉಳಿದಿದೆಯೆಂದು ತಟ್ಟಿ ತಿಳಿಯುವುದನ್ನು ಮಗ ಅಲ್ಲಿ ನೋಡಿದ್ದನಂತೆ. ನಮ್ಮ ಅಜ್ಜಿಯಂದಿರು ಹಿತ್ತಲಿನ ಹಲಸಿನಕಾಯಿಯನ್ನು ಇದೇ ರೀತಿ ತಟ್ಟಿ, ನಾಳೆ ಕೊಯ್ಯಬೇಕೋ ನಾಡಿದ್ದೋ ಎಂದು ತೀರ್ಪು ಕೊಡುತ್ತಿದ್ದರು, ಯಾರೂ ಅದನ್ನು ಗ್ರಂಥ ಮಾಡಲಿಲ್ಲ ಅಷ್ಟೇ. ಪರಿಚಯದ ಒಬ್ಬ ವಿದ್ಯಾರ್ಥಿ ಆ ಮಳೆಗಾಲದಲ್ಲಿ ಹಲಸಿನಹಣ್ಣು ತಟ್ಟಿ ಎದೆಯ ಪರೀಕ್ಷೆ ಅಭ್ಯಾಸ ಮಾಡಿದ, ಬಾಳೆದಿಂಡಿಗೆ ಸೂಜಿ ಚುಚ್ಚಿದ, ನಿಂತ ಹೃದಯವನ್ನು ನಡೆಸಲು ಎದೆ ಒತ್ತುವುದನ್ನು ತಲೆದಿಂಬಿನ ಮೇಲೆ ಕಲಿತ. ಹಣ್ಣಿನ ಗುಣವೆಂದರೆ ಅದು ನೋವಾಯಿತೆಂದು ಕಿರುಚುವುದಿಲ್ಲ, ಉಸಿರು ಬಿಗಿಹಿಡಿಯುವುದಿಲ್ಲ, "ನನಗೆ ಏನಾಗಿದೆ ಡಾಕ್ಟ್ರೇ" ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳುವುದೂ ಇಲ್ಲ.

ಗಡಿಯಾಚೆಯ ಕೇರಳದಿಂದ ಬರುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿಯರ ಪ್ರಾಯೋಗಿಕ ಶಿಕ್ಷಣ ಮಾತ್ರ ತಲಪಾಡಿ ಗೇಟಿನಲ್ಲಿ ಅಬಾಧಿತವಾಗಿ ನಡೆಯಿತು. 72 ಗಂಟೆಯೊಳಗಿನ ನೆಗೆಟಿವ್ ವರದಿ ತೋರಿಸಿ, ಮತ್ತೆ ಮೂಗೊಡ್ಡಿ, ಗಂಟಲೊಡ್ಡಿ, ಸ್ವಾಬ್ ತೆಗೆಸಿಕೊಳ್ಳುವುದರಲ್ಲಿ ಅವರಷ್ಟು ಪಳಗಿದವರು ಇನ್ನೊಬ್ಬರಿರಲಾರರು.

ಆಮೇಲೆ ಎರಡನೇ ಅಲೆ. ಕೈಗಳು ಸಾಲದಾದಾಗ, 2021ರ ಮೇ ತಿಂಗಳಲ್ಲಿ, ಅದುವರೆಗೆ ವಾರ್ಡಿಗೆ ಕಾಲಿಡಲು ಎಳಸಾಗಿದ್ದ ಅಂತಿಮ ವರ್ಷದ ವಿದ್ಯಾರ್ಥಿಗಳು ಸಣ್ಣ ಪ್ರಮಾಣದ ಸೋಂಕಿತರ ನಿಗಾ ಮತ್ತು ದೂರವಾಣಿ ಸಲಹೆಗೆ ಒಂದೇ ದಿನದಲ್ಲಿ ಯೋಗ್ಯರಾದರು. ಸ್ನಾತಕೋತ್ತರ ನೀಟ್ ಪರೀಕ್ಷೆಯನ್ನು ಕನಿಷ್ಠ 4 ತಿಂಗಳು ಮುಂದೂಡಿ, ಅದಕ್ಕಾಗಿ ಓದುತ್ತಿದ್ದವರನ್ನೂ ಕರೆದರು. 100 ದಿನ ದುಡಿದವರಿಗೆ ಸನ್ಮಾನ, ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಎಂದರು. ಪಾಠ ಕೇಳಿದರೆ ಮಕ್ಕಳು, ಕೆಲಸಕ್ಕೆ ಕರೆದರೆ ಯೋಧರು, ದುಡಿದದ್ದಕ್ಕೆ ಕಾಸು ಕೇಳಿದರೆ ಪುನಃ ಮಕ್ಕಳು. ದಾವಣಗೆರೆಯಲ್ಲಿ 2020ರಲ್ಲಿ ಬಾಕಿ ಸ್ಟೈಪೆಂಡ್‌ಗಾಗಿ ಯುವ ವೈದ್ಯರು ಬೀದಿಯಲ್ಲಿ ಕುಳಿತದ್ದು, ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂ ಸುರಿದ ವರ್ಷದಲ್ಲೇ.

ನಗುತ್ತಲೇ ಬರೆಯೋಣವೆಂದುಕೊಂಡಿದ್ದೆ, ಆಗುತ್ತಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಡಿಕೆ ತೋಟದ ಮೇಲೆ ಸಾಲ ತೆಗೆದು ಮಗಳ ಶುಲ್ಕ ಕಟ್ಟಿದರು. ಅವಳು ಮಲಗದ ಮಂಚಕ್ಕೆ, ಉಣ್ಣದ ಊಟಕ್ಕೆ, ಮುಟ್ಟದ ಲ್ಯಾಬಿಗೆ ಪೂರ್ತಿ ಹಣ, ತಡವಾದದ್ದಕ್ಕೆ ದಂಡ. ಕಳೆದುಹೋದ ವಾರ್ಡಿನ ತಿಂಗಳುಗಳನ್ನು ತುಂಬಿಕೊಡಿ ಎಂದು ಅಪ್ಪ ಕಾಲೇಜಿಗೆ ಬರೆದ ಪತ್ರಕ್ಕೆ ಇವತ್ತಿಗೂ ಉತ್ತರವಿಲ್ಲ. ಆಗ ಅಂಥ ಕಾಲೇಜುಗಳ ಬಾಗಿಲಲ್ಲಿ ನಿಂತು, ನೀವು ಎಂಥ ಡಾಕ್ಟರರನ್ನು ತಯಾರು ಮಾಡುತ್ತಿದ್ದೀರಿ ಎಂದು ನಮ್ಮಲ್ಲಿ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇವೆ, ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕುಳಿತು, ಆ ಹುಡುಗಿಯರ ಕಿವಿಗೆ ಬೀಳುವಂತೆ.

ಹಿರಿಯರ ಟೋಕನ್ ಬಂತು. ಒಳಗೆ ಹೋದವರು ಅರ್ಧ ಗಂಟೆ ಕಳೆದರೂ ಹೊರಗೆ ಬರಲಿಲ್ಲ. ಬಾಗಿಲ ಸಂದಿಯಿಂದ ಕೇಳುತ್ತಿತ್ತು: ವೈದ್ಯೆ ಅವರ ಬೆನ್ನನ್ನು ಒಂದೊಂದೇ ಜಾಗದಲ್ಲಿ ನಿಧಾನವಾಗಿ ತಟ್ಟುತ್ತಿದ್ದರು.