ಮೋಡ ಸರಿಸುವ ಕೈ, ಮುನಿಸಿಕೊಳ್ಳುವ ಮಂಡಿ

ಚೀನಾದಿಂದ ಬಂದ ನಿಧಾನ ಚಲನೆಗಳ ಕಸರತ್ತು ತೈ ಚಿ. ಅದನ್ನು ಮಾಡುವವರನ್ನು ಮೊದಲ ಸಲ ನೋಡಿದವರು "ಇದೂ ಒಂದು ವ್ಯಾಯಾಮವೇನ್ರೀ?" ಎಂದು ಕೇಳದೆ ಬಿಡುವುದಿಲ್ಲ. ಓಟವಿಲ್ಲ, ಜಿಗಿತವಿಲ್ಲ, ಹೇಳಿಕೊಳ್ಳುವಂಥ ಬೆವರೂ ಇಲ್ಲ. ಕಾಣದ ಗೋಡೆಗೆ ಯಾರೋ ಸುಣ್ಣ ಬಳಿಯುತ್ತಿರುವ ಹಾಗೆ ಕೈಗಳು ಅತ್ತಿಂದಿತ್ತ ಹೋಗುತ್ತಿರುತ್ತವೆ. ಹಾಗೆ ಕೇಳಿದವರನ್ನೇ ಪಕ್ಕಕ್ಕೆ ನಿಲ್ಲಿಸಿಕೊಂಡು, "ಮಂಡಿ ತುಸುವೇ ಬಗ್ಗಿಸಿ, ಮೈಭಾರವನ್ನೆಲ್ಲ ಎಡಗಾಲಿನಿಂದ ಬಲಗಾಲಿಗೆ ಹತ್ತು ಎಣಿಸುವಷ್ಟು ನಿಧಾನವಾಗಿ ಸಾಗಿಸಿ" ಎನ್ನಿ. ಆರಕ್ಕೆ ತೊಡೆ ನಡುಗುತ್ತದೆ. ಎಂಟಕ್ಕೆ ಪ್ರಶ್ನೆ ವಾಪಸಾಗುತ್ತದೆ.

ಸವೆದ ಮಂಡಿಗೆ ಬೇಕಾದದ್ದು ಆ ನಡುಕವೇ. ಮಂಡಿ ನೋಯುತ್ತದೆಂದು ಕಾಲಿಗೆ ಕೆಲಸ ಕೊಡದಿದ್ದರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಅದು ಸೊರಗಿದರೆ ಅದು ಹೊರಬೇಕಾಗಿದ್ದ ಹೊರೆ ಕೀಲಿನ ಮೇಲೆ ಬೀಳುತ್ತದೆ. ನೋವು ಹೆಚ್ಚುತ್ತದೆ, ಕುರ್ಚಿ ಇನ್ನಷ್ಟು ಪ್ರಿಯವಾಗುತ್ತದೆ. ಮಂಡಿಯೊಳಗೆ ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳೂ ಇಲ್ಲ. ಕೀಲು ಒತ್ತಿ ಬಿಟ್ಟು ಒತ್ತಿ ಬಿಟ್ಟು ಆದಾಗ ಸುತ್ತಲಿನ ದ್ರವದಿಂದಲೇ ಅದರ ಪೋಷಣೆ ನಡೆಯಬೇಕು. ಸೋಫಾದಲ್ಲಿ ಕೂತು ಟಿವಿಯಲ್ಲಿ ತೈ ಚಿ ನೋಡಿದರೆ ಅದರ ಹೊಟ್ಟೆ ತುಂಬದು.

ವೈದ್ಯರೇನೂ ಇದನ್ನು ಹಗುರವಾಗಿ ಎಣಿಸಿಲ್ಲ. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮಂಡಿ ಸವೆದ 204 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರಕ್ಕೆ ಎರಡು ಸಲ ತೈ ಚಿ, ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟರು. 12 ವಾರಗಳ ನಂತರ ನೋವು ಇಳಿದದ್ದರಲ್ಲಿ ಎರಡೂ ಗುಂಪು ಸರಿಸಮ; ಮನಸ್ಸಿನ ಕುಗ್ಗುವಿಕೆ ಕಡಿಮೆಯಾದದ್ದರಲ್ಲಿ ತೈ ಚಿಯೇ ಒಂದು ಕೈ ಮೇಲು. ಕೀಲುರೋಗ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2019ರ ಮಾರ್ಗಸೂಚಿಯೂ ಮಂಡಿ ಸವೆತಕ್ಕೆ ತೈ ಚಿಯನ್ನು ಬಲವಾಗಿಯೇ ಶಿಫಾರಸು ಮಾಡಿತು. ಇಷ್ಟು ಓದಿದ್ದೇ ತಡ, ಉತ್ಸಾಹಿಗಳು ಮೊಬೈಲ್ ತೆಗೆದು ವಿಡಿಯೋ ಹುಡುಕುತ್ತಾರೆ. ಎಡವಟ್ಟುಗಳು ಶುರುವಾಗುವುದು ಇಲ್ಲಿಂದ.

ಹುಡುಕಿದವರಿಗೆ ಮೊದಲು ಸಿಗುವುದು ಸಾಮಾನ್ಯವಾಗಿ 24 ಭಂಗಿಗಳ ಕ್ರಮ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಜನಸಾಮಾನ್ಯರಿಗೆಂದು ಸರಳಗೊಳಿಸಿದ್ದು ಅದು. ಸರಳ ಎಂದರೂ ಅದರ ಭಂಗಿಗಳ ಹೆಸರು ಓದಿದರೆ ಮೃಗಾಲಯ ಸುತ್ತಿ ಬಂದಂತಾಗುತ್ತದೆ: ಕಾಡುಕುದುರೆಯ ಕೇಸರ ಬಿಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಹರಡುವುದು, ಕೋತಿಯನ್ನು ಹಿಮ್ಮೆಟ್ಟಿಸುವುದು. ಇವೆಲ್ಲ ಪರವಾಗಿಲ್ಲ. ಎಚ್ಚರ ಬೇಕಾದದ್ದು ಹಾವಿನ ವಿಷಯದಲ್ಲಿ. "ಹಾವು ತೆವಳುವುದು" ಎಂಬ ಭಂಗಿಯಲ್ಲಿ ಒಂದು ಕಾಲು ಚಾಚಿ, ಇನ್ನೊಂದರ ಮೇಲೆ ನೆಲ ಮುಟ್ಟುವಷ್ಟು ಕುಕ್ಕರಿಸಬೇಕು. ತೆವಳುವುದೇನೋ ಆಗುತ್ತದೆ, ಮೇಲೇಳಲು ಮನೆಮಂದಿಯೆಲ್ಲ ಓಡಿ ಬರಬೇಕಾಗುತ್ತದೆ. ಮಂಡಿ ಹೆಚ್ಚು ಮಡಚಿದಷ್ಟೂ ಮಂಡಿಚಿಪ್ಪು ತೊಡೆಮೂಳೆಯನ್ನು ಒತ್ತುವ ಬಲ ಏರುತ್ತದೆ. ಆದ್ದರಿಂದ ಹಾವನ್ನು ಅದರ ಪಾಡಿಗೆ ಬಿಟ್ಟುಬಿಡಿ. ವಿಡಿಯೋದಲ್ಲಿರುವವರು ಎಷ್ಟೇ ಕೆಳಗಿಳಿಯಲಿ, ನಿಮ್ಮ ಮಂಡಿ ಬಾಗುವುದು 20–30 ಡಿಗ್ರಿ ಸಾಕು. ಕೆಳಗೆ ನೋಡಿದಾಗ ಹೆಬ್ಬೆರಳು ಕಾಣುತ್ತಿರಬೇಕು. ಮಂಡಿ ಅದನ್ನು ಮರೆಮಾಡಿದ್ದರೆ ಭಾರ ಮುಂದೆ ಹೋಗಿದೆ ಎಂದರ್ಥ. ಹೊಟ್ಟೆಯೇ ಅಡ್ಡ ಬಂದು ಏನೂ ಕಾಣದವರು ಪಕ್ಕದಲ್ಲೊಂದು ಕನ್ನಡಿ ಇಟ್ಟುಕೊಳ್ಳಲಿ.

ತೈ ಚಿಯ ಹಲವು ಶೈಲಿಗಳಲ್ಲಿ ಸುನ್ ಶೈಲಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದರಲ್ಲಿ ನಿಲುವು ಎತ್ತರ, ಹೆಜ್ಜೆ ಚಿಕ್ಕದು, ಮುಂದಿನ ಕಾಲು ಹೋದಲ್ಲಿಗೆ ಹಿಂದಿನ ಕಾಲೂ ಹಿಂಬಾಲಿಸುತ್ತದೆ. ಆಸ್ಟ್ರೇಲಿಯಾದ ವೈದ್ಯ ಡಾ. ಪಾಲ್ ಲ್ಯಾಮ್ 1997ರಲ್ಲಿ ಸಂಧಿವಾತದವರಿಗೆಂದೇ ರೂಪಿಸಿದ ಕಾರ್ಯಕ್ರಮಕ್ಕೂ ಇದೇ ಆಧಾರ.

ಆದರೂ ಕೆಳಗೆ ಕುಕ್ಕರಿಸಿ ಮಂಡಿ ಕೆಡಿಸಿಕೊಳ್ಳುವವರಂತೆ ತಿರುಗಲು ಹೋಗಿ ಕೆಡಿಸಿಕೊಳ್ಳುವವರೂ ಇದ್ದಾರೆ. ಮಂಡಿ ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು. ತಿರುಗುವ ಇಲಾಖೆ ಸೊಂಟದ್ದು. ಎಡಗಾಲು ಮುಂದಿಟ್ಟು ಮೈಭಾರವೆಲ್ಲ ಅದರ ಮೇಲೆ ಕೂತಿರುವಾಗಲೇ, "ಈಗ ಎಡಕ್ಕೆ" ಎಂದದ್ದು ಕೇಳಿ ಮೈ ಗಕ್ಕನೆ ತಿರುಗುತ್ತದೆ. ಪಾದ ಅಲ್ಲಾಡುವುದಿಲ್ಲ. ಮೇಲೆ ತೊಡೆ ತಿರುಗಿತು, ಕೆಳಗೆ ಪಾದ ನಿಂತಿತು. ಮಧ್ಯದಲ್ಲಿ ಸಿಕ್ಕಿಬಿದ್ದ ಮಂಡಿ ಸಂಜೆ ಹೊತ್ತಿಗೆ ಊದಿಕೊಂಡು ತನ್ನ ಅಭಿಪ್ರಾಯ ತಿಳಿಸುತ್ತದೆ.

ಮಾಡಬೇಕಾದದ್ದು ಹೀಗೆ: ಮೊದಲು ಹಿಂದಿರುವ ಬಲಗಾಲಿನ ಮೇಲೆ ಹಿಂದಕ್ಕೆ ಕೂರುವಂತೆ ಭಾರ ಜಾರಿಸಿ. ಎಡಪಾದ ಖಾಲಿಯಾಗುತ್ತದೆ. ಹಿಮ್ಮಡಿ ನೆಲದಲ್ಲೇ ಇರಲಿ, ಬೆರಳುಗಳನ್ನು ಎತ್ತಿ ನೋಡಿ. ಸಲೀಸಾಗಿ ಎದ್ದರೆ ಪಾದ ಖಾಲಿ. ಒದ್ದಾಡಬೇಕಾದರೆ ಇನ್ನೂ ಭಾರ ಉಳಿದಿದೆ, ಮತ್ತಷ್ಟು ಹಿಂದೆ ಬನ್ನಿ. ಖಾಲಿಯಾದ ಮೇಲೆ ಸೊಂಟವನ್ನು ಎಡಕ್ಕೆ ತಿರುಗಿಸಿ, ಅದರ ಜೊತೆಗೇ ಹಿಮ್ಮಡಿಯ ಮೇಲೆ ಪಾದವೂ ಸುಮಾರು 45 ಡಿಗ್ರಿ ಹೊರಕ್ಕೆ ತಿರುಗಲಿ. ಬೆರಳುಗಳನ್ನು ನೆಲಕ್ಕೆ ಇಳಿಸಿ. ಈಗ ಭಾರ ಎಡಗಾಲಿಗೆ. ಆಮೇಲಷ್ಟೇ ಬಲಗಾಲು ಮುಂದಿನ ಹೆಜ್ಜೆಗೆ ಏಳಬೇಕು. ಇಷ್ಟು ಹೊತ್ತೂ ಮಂಡಿ ಎರಡನೆಯ ಕಾಲ್ಬೆರಳಿನ ನೇರಕ್ಕೇ ಇರಬೇಕು, ಒಳಗೆ ವಾಲಬಾರದು. ಓದುವಾಗ ಇದು ಜಮೀನು ಪತ್ರದ ಭಾಷೆಯಂತೆ ಕಂಡರೂ ಕಾಲಿಗೆ ಒಂದು ವಾರದಲ್ಲಿ ರೂಢಿಯಾಗುತ್ತದೆ. ಆ ಒಂದು ವಾರ ಕೈಗಳನ್ನು ಸೊಂಟದ ಮೇಲೇ ಇಟ್ಟಿರಿ. ಮೋಡ ಸರಿಸುವ ಹಾಗೆ ಕೈಯಾಡಿಸುವ ಭಂಗಿಗೆ ಅವಸರವೇನೂ ಇಲ್ಲ.

ಪಾದರಕ್ಷೆಯೂ ಇಲ್ಲಿ ಸಾಕಷ್ಟು ಕಿತಾಪತಿ ಮಾಡುತ್ತದೆ. ದಪ್ಪ ರಬ್ಬರ್ ಅಟ್ಟೆಯ ಓಟದ ಶೂ ಕಾರ್ಪೆಟ್ ಮೇಲೆ ಕಚ್ಚಿಕೊಂಡರೆ ಖಾಲಿ ಪಾದವೂ ತಿರುಗುವುದಿಲ್ಲ. ಅದಕ್ಕೇ ಶೂ ಬಿಚ್ಚಿ ನುಣುಪು ಟೈಲ್ಸ್ ಮೇಲೆ ಸಾಕ್ಸ್‌ನಲ್ಲಿ ನಿಂತರೆ ಬೇಡವೆಂದರೂ ತಿರುಗುತ್ತದೆ. ತೆಳುವಾದ ಸಪಾಟು ಅಟ್ಟೆ, ಹಿಮ್ಮಡಿ ಮುಚ್ಚಿರುವ ಶೂ, ಒಣ ನೆಲ: ಇಷ್ಟು ಸಾಕು. ಕೈಗೆಟಕುವಲ್ಲಿ ಒಂದು ಗಟ್ಟಿ ಕುರ್ಚಿ ಇರಲಿ. ಗಾಲಿ ಇರುವ ಆಫೀಸ್ ಕುರ್ಚಿ ಮಾತ್ರ ಬೇಡ. ನೀವು ಆಸರೆಗೆ ಹಿಡಿದ ಗಳಿಗೆಯಲ್ಲೇ ಅದು ಬೇರೆ ಕೋಣೆಗೆ ಹೊರಟಿರುತ್ತದೆ.

ಕೊನೆಗೆ ಉಸಿರು. ಕೈ ಏಳುವಾಗ ಒಳಗೆ, ಇಳಿಯುವಾಗ ಹೊರಗೆ. ಹೊಸಬರು ಇದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆಂದರೆ, ಕೈ ಅರ್ಧದಲ್ಲಿ ನಿಂತರೆ ಉಸಿರೂ ಅಲ್ಲೇ ನಿಂತು ಮುಖ ಕೆಂಪಾಗುತ್ತದೆ. ಮೊದಲ ಕೆಲವು ವಾರ ಉಸಿರಿನ ಲೆಕ್ಕವನ್ನೇ ಬಿಡಿ. ಮಾಡುತ್ತಲೇ ಪಕ್ಕದವರೊಂದಿಗೆ ಒಂದು ಪೂರ್ತಿ ವಾಕ್ಯ ಮಾತಾಡಲು ಆದರೆ ಉಸಿರು ಸರಿಯಿದೆ. ಮನಸ್ಸಿಗೇನು ಕೆಲಸ ಎಂದರೆ, ಪಾದದಡಿ ನೋಡಿಕೊಳ್ಳುವುದು: ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಈ ಮೂರರಲ್ಲಿ ಭಾರ ಯಾವುದರ ಮೇಲಿದೆ ಎಂದು. ಅಲ್ಲಿ ಗಮನ ಇಟ್ಟವರಿಗೆ "ಈಗ ನೋಯುತ್ತದೆ, ಇನ್ನೇನು ನೋಯುತ್ತದೆ" ಎಂದು ಕಾಯುವ ಬಿಡುವು ಸಿಗುವುದಿಲ್ಲ. ಮೈ ಬಿಗಿ ಸಡಿಲವಾಗುವುದೂ ಆಗಲೇ.

ಶುರುವಿಗೆ ದಿನಕ್ಕೆ 10 ನಿಮಿಷ, ವಾರಕ್ಕೆ ಮೂರು ದಿನ ಸಾಕು. ಚೆನ್ನಾಗಿದೆ ಅನ್ನಿಸಿತೆಂದು ಮೊದಲ ದಿನವೇ ಒಂದು ಗಂಟೆ ಮಾಡಿ, ಆಮೇಲೆ ಒಂದು ತಿಂಗಳು "ನನಗೆ ತೈ ಚಿ ಆಗಿಬರಲ್ಲ" ಎನ್ನುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಮುಗಿಸಿದ ಎರಡು ಗಂಟೆಯ ಮೇಲೂ ನೋವು ಶುರು ಮಾಡುವ ಮುಂಚೆ ಇದ್ದದ್ದಕ್ಕಿಂತ ಹೆಚ್ಚಿದ್ದರೆ, ಮುಂದಿನ ಸಲ ಹೊತ್ತು ಇಳಿಸಿ, ಇಲ್ಲವೇ ಬಾಗುವುದನ್ನು ಇಳಿಸಿ. ಎರಡನ್ನೂ ಬಿಟ್ಟು ಮಲಗಬೇಡಿ. ನಿಲ್ಲುವುದೇ ಕಷ್ಟವಾದ ದಿನ ಅದೇ ಕುರ್ಚಿಯ ಅಂಚಿಗೆ ಬಂದು ಕೂತು, ಕೈಗಳ ಚಲನೆಯ ಜೊತೆ ಒಂದೊಂದೇ ಪಾದವನ್ನು ಮುಂದಿಟ್ಟು ಹಿಂದೆ ತನ್ನಿ. ಮಂಡಿ ಬಿಸಿಯಾಗಿ ಕೆಂಪಗೆ ಊದಿದರೆ, ಮಡಚಿದ್ದು ಬಿಚ್ಚದೆ ಸಿಕ್ಕಿಹಾಕಿಕೊಂಡರೆ, ಹೆಜ್ಜೆ ಇಟ್ಟಾಗ ಕುಸಿದುಹೋದರೆ ಅದು ವಿಡಿಯೋ ನೋಡುವ ಸಮಯವಲ್ಲ, ಡಾಕ್ಟರನ್ನು ನೋಡುವ ಸಮಯ.

ಸಮಯವೇ ಸಿಗುವುದಿಲ್ಲ ಎನ್ನುವವರಿಗೆ ಬೇಸಿನ್ ಮುಂದೆ ಹಲ್ಲುಜ್ಜುವ ಎರಡು ನಿಮಿಷವಿದೆ. ಒಂದು ಕೈಯಲ್ಲಿ ಬ್ರಷ್, ಇನ್ನೊಂದು ಕೈ ಗೋಡೆಗೆ. ಭಾರ ಎಡಕ್ಕೆ, ಭಾರ ಬಲಕ್ಕೆ. ತಿರುಗುವ ಪಾಠವನ್ನು ಮಾತ್ರ ಆ ಒದ್ದೆ ನೆಲದ ಮೇಲೆ ಒಪ್ಪಿಸಲು ಹೋಗಬೇಡಿ.